ಇಟ್ಟಿಗೆ ಲೇಖನದ ಸುಖಾಗಮನ ಬಯಸುವವರು

ಸಂಶೋಧನಾ ಲೇಖನವೊಂದಕ್ಕೆ ಲೇಖಕರು ಇರತಕ್ಕದ್ದೆಂದು ಶ್ರೀ ಕಟ್ಟೆ ಮುನೇಶ್ವರ ತಾಂತ್ರಿಕ ಮಹಾವಿದ್ಯಾಲಯವು ಸ್ಥಾಪನೆಯಾದಂದಿನಿಂದಲೂ ನಂಬಿಕೊಂಡು ಬಂದಿದೆ. ಹೊಸಕೋಟೆಯಿಂದ ಸೂಲಿಬೆಲೆಗೆ ಹೋಗುವ ದಾರಿಯಲ್ಲಿರುವ ಈ ಸಂಸ್ಥೆಗೆ ಲೇಖಕರ ಕೊರತೆ ಯಾವತ್ತೂ ಉಂಟಾಗಿಲ್ಲ. ಕೊರತೆಯಿದ್ದದ್ದು ಲೇಖನಗಳದ್ದು. ಅದನ್ನು ಸಿವಿಲ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ ಸಿಂಚನ ನೀಗಿಸಿದರು.

ಸಿಂಚನ ನಲ್ಲೂರಿನ ಕಡೆಯಿಂದ ಹುಣಸೆ ಬೀಜ ತರಿಸಿ, ಹುರಿದು, ಪುಡಿ ಮಾಡಿ, ಮಣ್ಣಿಗೆ ಬೆರೆಸಿ ಇಟ್ಟಿಗೆ ಮಾಡಿದ್ದರು. ಸುಡದೇ ಇದ್ದರೂ ಈ ಇಟ್ಟಿಗೆ ನೀರಿನಲ್ಲಿ ಕರಗುತ್ತಿರಲಿಲ್ಲ. ಏಕೆ ಕರಗುವುದಿಲ್ಲ ಎಂಬುದನ್ನು ಅವರು ಲೇಖನವಾಗಿ ಬರೆದರು. ವಿಶ್ವವಿದ್ಯಾಲಯದ ನಿಯಮದಂತೆ, ಲೇಖಕರ ಜಾಗದಲ್ಲಿ ಅವರ ಹೆಸರಿರುವ ಒಂದು ಲೇಖನ ವರ್ಷ ಮುಗಿಯುವುದರೊಳಗೆ ಪ್ರಕಟವಾಗದಿದ್ದರೆ ಪಿಎಚ್‌ಡಿ ನೋಂದಣಿ ರದ್ದಾಗುತ್ತಿತ್ತು. ನೋಂದಣಿ ರದ್ದಾದರೆ ಕೆಲಸವೂ ಹೋಗುತ್ತಿತ್ತು. ಆದ್ದರಿಂದ ಅವರು ತಮ್ಮ ಹೆಸರನ್ನು ಬರೆದು, ಪದ್ಧತಿಯಂತೆ ವಿಭಾಗದ ಮುಖ್ಯಸ್ಥರಾದ ಗೋವಿಂದರಾಜು ಅವರ ಹೆಸರನ್ನೂ ಸೇರಿಸಿ, ಲೇಖನವನ್ನು ಆಡಳಿತ ಮಂಡಳಿಯ ಒಪ್ಪಿಗೆಗೆ ಒಯ್ದರು.

ಮಂಡಳಿಯ ಅಧ್ಯಕ್ಷರಾದ ಅಪ್ಪಯ್ಯಣ್ಣನವರು ಮೊದಲು ಹಾಲಿನ ಡೈರಿಯ ಅಧ್ಯಕ್ಷರಾಗಿದ್ದವರು. ಆ ದಿನ ಅವರ ಮೇಜಿನ ಮೇಲೆ ಮಗಳು ಅರ್ಪಿತಳ ಲಗ್ನಪತ್ರಿಕೆಯ ಕಟ್ಟುಗಳಿದ್ದವು. ಹೀಗಾಗಿ ಅವರು ಲೇಖನವನ್ನೂ ಅದೇ ಕ್ರಮದಲ್ಲಿ ನೋಡಿದರು. ಮೊದಲು ಹೆಸರುಗಳು.

“ಇಬ್ಬರೇನಾ?” ಎಂದರು.

“ಹೌದು ಸರ್. ಕೆಲಸ ಮಾಡಿದವರ ಹೆಸರು ಮಾತ್ರ ಹಾಕೋದು” ಎಂದರು ಸಿಂಚನ.

“ಹಂಗಂದ್ರೆ ಹೆಂಗಮ್ಮ? ಮದುವೇಲಿ ಕೆಲಸ ಮಾಡೋರು ಅಡುಗೆಯವರು. ಪತ್ರಿಕೇಲಿ ಅವರ ಹೆಸರು ಹಾಕ್ತೀವಾ?”

“ಹಾಕಲ್ಲ ಸರ್” ಎಂದರು ಜೊತೆಗೆ ಬಂದಿದ್ದ ಗೋವಿಂದರಾಜು.

“ಹೊರದೇಶದೋರು ಓದ್ತಾರೆ ಅಂತೀರ. ಎರಡೇ ಹೆಸರು ನೋಡಿದ್ರೆ ಈ ಕಾಲೇಜಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕೊಳಲ್ವ?”

ಈ ಆತಂಕ ನಿವಾರಣೆಗಾಗಿ ಲೇಖಕರ ಜಾಗವನ್ನು ಲಗ್ನಪತ್ರಿಕೆಯ ಮಾದರಿಯಲ್ಲಿ ವಿಸ್ತರಿಸಲಾಯಿತು. ಅಧ್ಯಕ್ಷರ ತಾಯಿ ಮಾರಕ್ಕನವರು ಆಶೀರ್ವದಿಸುವ ಲೇಖಕರಾದರು. ಅಧ್ಯಕ್ಷರ ಬಾಮೈದ ಮುನಿರಾಜ್ ಅವರ ಬಳಿ ಎರಡು ಫೋನುಗಳಿದ್ದು, ಎರಡನ್ನೂ ಎತ್ತುವ ಅಭ್ಯಾಸವಿದ್ದುದರಿಂದ, ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಲೇಖಕರಾಗಿ ಅವರನ್ನು ನೇಮಿಸಲಾಯಿತು. ಅಧ್ಯಕ್ಷರ ತಂದೆಯವರು ದಿವಂಗತರಾದ ಕಾರಣ ಅವರ ಒಪ್ಪಿಗೆ ಪಡೆಯುವುದು ಹೇಗೆಂಬ ಪ್ರಶ್ನೆ ಬಂತು. “ನಮ್ಮಪ್ಪ ಯಾವತ್ತೂ ಯಾವುದಕ್ಕೂ ಬೇಡ ಅಂದೋರಲ್ಲ” ಎಂದು ಅಧ್ಯಕ್ಷರು ಖಚಿತಪಡಿಸಿದರು. ಕೆಳಗೆ ‘ಪುಟಾಣಿ ಲೇಖಕರು’ ಎಂಬ ಸಾಲು ಬಂತು. ಅದರ ಕೆಳಗೆ ‘ಹಾಗೂ ಬಂಧುಮಿತ್ರರು’ ಎಂದು ಮುಗಿಸಲಾಯಿತು.

ಇದು ಪ್ರಕಟಣಾ ನೀತಿಗೆ ವಿರುದ್ಧವೆಂದು ಸಿಂಚನ ಬರೆದುಕೊಟ್ಟರು. ನೀತಿಯ ವಿಷಯದಲ್ಲಿ ಸಂಸ್ಥೆಯು ಎಂದೂ ಉದಾಸೀನ ಮಾಡಿಲ್ಲ. ಪ್ರಾಂಶುಪಾಲರಾದ ಮುನೀಂದ್ರ ಅವರ ನೇತೃತ್ವದಲ್ಲಿ ಸಂಶೋಧನಾ ನೀತಿ ಸಮಿತಿ ರಚನೆಯಾಯಿತು. ಸಮಿತಿಯು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಈ ಕೆಳಗಿನ ಪ್ರಕಟಣೆ ಹೊರಡಿಸಿತು:

“ಸಂಶೋಧನೆಗೆ ಗಣನೀಯ ಕೊಡುಗೆ ನೀಡಿದವರು ಮಾತ್ರ ಲೇಖಕರಾಗತಕ್ಕದ್ದು. ಗಣನೀಯ ಕೊಡುಗೆ ಎಂದರೆ ಇಟ್ಟಿಗೆಯನ್ನು ಎತ್ತಿರುವುದು, ಎತ್ತಿಸಿರುವುದು, ಎತ್ತುವಾಗ ಹಾಜರಿರುವುದು, ಅಥವಾ ಎತ್ತದಂತೆ ತಡೆಯುವ ಅಧಿಕಾರವಿದ್ದೂ ತಡೆಯದೇ ಇರುವುದು.”

ಈ ವ್ಯಾಖ್ಯೆಯಂತೆ ಸಮಿತಿಯ ಸದಸ್ಯರೆಲ್ಲರೂ ಇಟ್ಟಿಗೆಯನ್ನು ತಡೆಯದೇ ಇದ್ದವರೆಂದು ಕಂಡುಬಂತು. ಅವರ ಹೆಸರುಗಳೂ ಸೇರಿದವು. ಲೇಖಕರೇ ನೀತಿ ಸಮಿತಿಯಲ್ಲಿರಬಹುದೇ, ಅದು ಹಿತಾಸಕ್ತಿ ಸಂಘರ್ಷವಲ್ಲವೇ ಎಂದು ಸಿಂಚನ ಕೇಳಿದರು.

“ಸಂಘರ್ಷ ಎಲ್ಲಮ್ಮ ಬಂತು? ಎಲ್ಲರ ಹಿತಾಸಕ್ತೀನೂ ಒಂದೇ ಆಯ್ತಲ್ಲ” ಎಂದರು ಮುನೀಂದ್ರ.

ಮುಂದೆ ನಿಯಮಾನುಸಾರ ಲೇಖನವನ್ನು ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಒಡ್ಡಲಾಯಿತು. ಇಟ್ಟಿಗೆಯ ಭಾಗದಲ್ಲಿ ಒಂದು ಸಾಲೂ ಕದ್ದದ್ದಾಗಿರಲಿಲ್ಲ. ಲೇಖಕರ ಭಾಗವು ಮಾತ್ರ ಬಹುಪಾಲು ಅರ್ಪಿತಳ ಲಗ್ನಪತ್ರಿಕೆಯಿಂದ ನಕಲಾಗಿದೆಯೆಂದು ತಂತ್ರಾಂಶವು ಕೆಂಪು ಬಣ್ಣದಲ್ಲಿ ತಿಳಿಸಿತು. ಮುನಿರಾಜ್ ಆ ಪತ್ರಿಕೆಯನ್ನು ಹಿಂದಿನ ವಾರವೇ ಅಂತರ್ಜಾಲಕ್ಕೆ ಹಾಕಿದ್ದರು. ಸಮಿತಿ ಇದನ್ನು ಗಂಭೀರವಾಗಿ ಪರಿಗಣಿಸಿತು. ಮೂಲವನ್ನು ಉಲ್ಲೇಖಿಸಿದರೆ ಕಳವಾಗುವುದಿಲ್ಲ ಎಂಬ ತತ್ವದಂತೆ, ಲಗ್ನಪತ್ರಿಕೆಯನ್ನು ಆಕರಗಳಲ್ಲಿ ಮೊದಲನೆಯದಾಗಿ ನಮೂದಿಸಲಾಯಿತು.

ಸಂಶೋಧನಾ ಪತ್ರಿಕೆಯವರು ಸಂತೋಷದಿಂದ ಒಪ್ಪಿದರು. ಒಂದೇ ತೊಡಕೆಂದರೆ, ಲೇಖಕರಿಗೆ ಅವರು ಒಂದು ಪುಟ ಮಾತ್ರ ಕೊಡುತ್ತಿದ್ದರು. ಒಂದು ಹೆಸರು ಎರಡನೇ ಪುಟಕ್ಕೆ ಬೀಳುತ್ತಿತ್ತು. ಯಾರನ್ನಾದರೂ ಒಬ್ಬರನ್ನು ಬಿಡಬೇಕಾಯಿತು.

ಸಮಿತಿ ಸೇರಿತು. ಗೋವಿಂದರಾಜು ಸಿಂಚನರ ಕಡೆ ತಿರುಗಿದರು.

“ನೀವು ನಮ್ಮನೆ ಹುಡುಗಿ ಇದ್ದಂಗೆ. ಹೊರಗಿನೋರ ಹೆಸರು ಬಿಟ್ರೆ ಮುನಿಸ್ಕೊತಾರೆ. ಮನೆಯವರು ಕೊನೇ ಪಂಕ್ತೀಲಿ ಕೂತ್ಕೋಬೇಕು.”

“ಕೊನೇ ಪಂಕ್ತಿಗೆ ಅನ್ನ ಸಾರು ಬಿಟ್ರೆ ಏನೂ ಉಳಿದಿರಲ್ಲ ಸರ್.”

“ಇಲ್ಲಿ ಅದೂ ಉಳಿದಿಲ್ಲ” ಎಂದು ಮುನೀಂದ್ರ ಪ್ರಾಮಾಣಿಕವಾಗಿ ಒಪ್ಪಿಕೊಂಡರು.

“ಬರೆದಿರೋದು ನಾನು ಸರ್. ನನ್ನ ಹೆಸರಿಲ್ಲದಿದ್ರೆ ನನ್ನ ಪಿಎಚ್‌ಡಿ ಹೋಗುತ್ತೆ.”

ಅಪ್ಪಯ್ಯಣ್ಣನವರು ಮರುಗುವ ಸ್ವಭಾವದವರು. ಕಟ್ಟಿನಿಂದ ಒಂದು ಲಗ್ನಪತ್ರಿಕೆ ಎಳೆದು ಅವರ ಮುಂದಿಟ್ಟರು. “ನೋಡಮ್ಮ. ಸುಖಾಗಮನ ಬಯಸೋರ ಸಾಲಲ್ಲಿ ಅರ್ಪಿತನ ಹೆಸರಿದೆಯಾ? ಇಲ್ಲ. ಮದುವೆ ಅವಳದ್ದೇ ತಾನೇ? ಅವಳೇನು ಬೇಜಾರು ಮಾಡ್ಕೊಂಡ್ಲಾ?”

ಸಿಂಚನ ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಆ ಸಾಲಲ್ಲಿ ಇಲ್ಲ ಸರ್. ನಡುವೆ ಇದೆ. ಎಲ್ಲರಿಗಿಂತ ದಪ್ಪಕ್ಷರದಲ್ಲಿ. ಚಿನ್ನದ ಬಣ್ಣದಲ್ಲಿ.”

ಸಮಿತಿ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿತು. ಅವರ ಮಾತು ನಿಜವಾಗಿತ್ತು.

“ಹಂಗಾದ್ರೆ ನಡುವೆ ಹಾಕಿ” ಎಂದರು ಅಧ್ಯಕ್ಷರು. “ನ್ಯಾಯ ನ್ಯಾಯಾನೇ.”

ಲೇಖನದಲ್ಲಿ ದಪ್ಪಕ್ಷರದ ಜಾಗವೆಂದರೆ ಶೀರ್ಷಿಕೆ. ಹೀಗಾಗಿ ಲೇಖನವು ‘ಚಿ॥ ಸೌ॥ ಸಿಂಚನಳ ಹುಣಸೆ ಬೀಜದ ಇಟ್ಟಿಗೆ: ನೀರಿನಲ್ಲಿ ಅದರ ವರ್ತನೆ’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಚಿನ್ನದ ಬಣ್ಣಕ್ಕೆ ಪತ್ರಿಕೆಯವರು ಒಪ್ಪಲಿಲ್ಲ.

ವಿಶ್ವವಿದ್ಯಾಲಯವೂ ಒಪ್ಪಲಿಲ್ಲ. ಶೀರ್ಷಿಕೆಯಲ್ಲಿ ಬಂದವರು ಲೇಖಕರಲ್ಲ, ವಿಷಯ ಎಂದು ಅಲ್ಲಿಂದ ಉತ್ತರ ಬಂತು. ವರ್ಷ ಮುಗಿಯುತ್ತ ಬಂದಿತ್ತು. ಸಿಂಚನ, ಇಟ್ಟಿಗೆ ಎಷ್ಟು ಭಾರ ಹೊರುತ್ತದೆ ಎಂಬ ಬಗ್ಗೆ ಇನ್ನೊಂದು ಲೇಖನ ಬರೆಯಲು ಕುಳಿತರು.

ಈ ನಡುವೆ ಮುನಿರಾಜ್ ಅವರ ಎರಡೂ ಫೋನುಗಳು ಹೊಡೆದುಕೊಳ್ಳತೊಡಗಿದವು. ಕೊಯಮತ್ತೂರಿನಿಂದ ಒಬ್ಬರು, ಪುಣೆಯಿಂದ ಒಬ್ಬರು, ಭಾಷೆ ಗೊತ್ತಾಗದ ದೇಶದಿಂದ ಒಬ್ಬರು. ಎಲ್ಲರೂ ಸಿಂಚನರ ಇಟ್ಟಿಗೆಯ ಬಗ್ಗೆ ಕೇಳಿದರು. ಲೇಖಕ ನಾನೇ ಎಂದು ಮುನಿರಾಜ್ ಹೇಳಿದಾಗ, ಇರಲಿ, ಸಿಂಚನ ಅವರಿಗೆ ಕೊಡ್ತೀರಾ ಎಂದರು. ಮುನಿರಾಜ್ ನೇರವಾಗಿ ಅಧ್ಯಕ್ಷರ ಮನೆಗೆ ಹೋದರು.

“ಭಾವ, ನಾವು ಮೋಸ ಹೋದ್ವಿ. ನಮ್ಮ ಹೆಸರು ಒಬ್ರೂ ಓದಿಲ್ಲ. ನಡುವೆ ಇರೋದನ್ನ ಮಾತ್ರ ಓದ್ತಾರೆ.”

ಅಪ್ಪಯ್ಯಣ್ಣನವರು ಯೋಚಿಸಿದರು. ತಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳಲ್ಲಿ ತಾವೂ ಹುಡುಗ ಹುಡುಗಿಯ ಹೆಸರು, ಮುಹೂರ್ತ, ಛತ್ರ ಇಷ್ಟನ್ನೇ ನೋಡುತ್ತಿದ್ದುದು ನೆನಪಾಯಿತು. ಅವರಿಗೆ ಊಟ ಸೇರಲಿಲ್ಲ.

ಬೆಳಿಗ್ಗೆ ತುರ್ತು ಸಭೆ ನಡೆಯಿತು. ಎರಡನೇ ಲೇಖನದಲ್ಲಿ ಲೇಖಕರೆಲ್ಲರೂ ಶೀರ್ಷಿಕೆಗೆ ಹೋಗತಕ್ಕದ್ದೆಂದು ತೀರ್ಮಾನವಾಯಿತು. ದಿವಂಗತರನ್ನೂ ಪುಟಾಣಿಗಳನ್ನೂ ಜೋಪಾನವಾಗಿ ಸಾಗಿಸಲಾಯಿತು. ಸಿಂಚನರ ಹೆಸರು ಕೊನೆಯಲ್ಲಿ ಬಂತು. ಒಂದು ಪುಟ ತುಂಬಿದ ಶೀರ್ಷಿಕೆಯು ‘ಇವರೆಲ್ಲರ ಇಟ್ಟಿಗೆ’ ಎಂದು ಮುಗಿಯುತ್ತಿತ್ತು. ಅದರ ಕೆಳಗೆ ಲೇಖಕರ ಜಾಗ ಖಾಲಿಯಿತ್ತು.

ಪತ್ರಿಕೆಯ ಜಾಲತಾಣ ಖಾಲಿ ಜಾಗವನ್ನು ಒಪ್ಪಲಿಲ್ಲ. ಮುನೀಂದ್ರ ಮತ್ತೆ ಮತ್ತೆ ಒತ್ತಿ ನೋಡಿದರು.

“ಯಾರಾದ್ರೂ ಒಬ್ರು ಕೆಳಗೆ ಉಳೀಲೇಬೇಕಂತೆ.”

“ನಾನಂತೂ ಇಳಿಯಲ್ಲ” ಎಂದರು ಮುನಿರಾಜ್. “ಒಂದ್ಸಲ ಇದ್ದು ನೋಡಿದೀನಿ.”

“ಅಮ್ಮನ್ನ ಇಳಿಸೋಕಾಗಲ್ಲ” ಎಂದರು ಅಧ್ಯಕ್ಷರು.

ಎಲ್ಲರೂ ಗೋವಿಂದರಾಜು ಅವರನ್ನು ನೋಡಿದರು. ಗೋವಿಂದರಾಜು ಸಿಂಚನರನ್ನು ನೋಡಿದರು. “ನಿಮ್ಮನ್ನ ಕೇಳೋಕೆ ಬಾಯಿ ಬರ್ತಿಲ್ಲ. ಆದ್ರೆ ಮನೆಯವರು ಅಂತ ಇರೋದು ನೀವೊಬ್ರೇ.”

ಸಿಂಚನ ಕಿಟಕಿಯ ಆಚೆ, ನೀರಿನ ತೊಟ್ಟಿಯಲ್ಲಿ ಮುಳುಗಿದ್ದ ಇಟ್ಟಿಗೆಗಳ ಕಡೆ ನೋಡಿದರು. ಇಂಥ ಸಂದರ್ಭದಲ್ಲಿ ತಕ್ಷಣ ಒಪ್ಪುವುದು ಮರ್ಯಾದೆಯಲ್ಲ.

“ಆಗ್ಲಿ ಸರ್” ಎಂದರು ಆಮೇಲೆ. “ಕಾಲೇಜಿಗೋಸ್ಕರ. ನನ್ನ ಹೆಸರು ಮೇಲಿಂದ ತೆಗೆದು ಕೆಳಗೆ ಹಾಕಿ.”

“ಒಬ್ಳೇ ಇರಬೇಕಾಗುತ್ತಮ್ಮ” ಎಂದು ಅಧ್ಯಕ್ಷರು ಕನಿಕರದಿಂದ ಎಚ್ಚರಿಸಿದರು.

“ಅಭ್ಯಾಸ ಇದೆ ಸರ್. ಭಾರ ಹೇರಿ ಇಟ್ಟಿಗೆ ಒಡೆಯೋವಾಗಲೂ ಒಬ್ಳೇ ಇದ್ದೆ.”

ಲೇಖನವು ವರ್ಷ ಮುಗಿಯುವ ಮುಂಚೆ ಪ್ರಕಟವಾಯಿತು. ವಿಶ್ವವಿದ್ಯಾಲಯವು ಶೀರ್ಷಿಕೆಯನ್ನು ಓದಿ ಮುಗಿಸಲಾಗದೆ ಲೇಖಕರ ಜಾಗವನ್ನು ಮಾತ್ರ ನೋಡಿ ಒಪ್ಪಿಗೆ ನೀಡಿತು. ಸಿಂಚನರ ಕೆಲಸ ಉಳಿಯಿತು. ಸಂಸ್ಥಾಪನಾ ದಿನದಂದು ಅವರ ತ್ಯಾಗಕ್ಕಾಗಿ ಶಾಲು ಹೊದಿಸಿ ಸನ್ಮಾನಿಸಲಾಯಿತು. ಇಂಥ ತ್ಯಾಗವನ್ನು ಕಿರಿಯ ಅಧ್ಯಾಪಕರೆಲ್ಲರೂ ರೂಢಿಸಿಕೊಳ್ಳಬೇಕೆಂದು ಅಪ್ಪಯ್ಯಣ್ಣನವರು ಕರೆ ನೀಡಿದರು. ಕಿರಿಯ ಅಧ್ಯಾಪಕರೆಲ್ಲರೂ ಎದ್ದು ನಿಂತು ಸಿದ್ಧರಿರುವುದಾಗಿ ತಿಳಿಸಿದರು.

ನೀತಿ ಸಮಿತಿಯು ಅದೇ ದಿನ ತನ್ನ ನಿಯಮಕ್ಕೆ ತಿದ್ದುಪಡಿ ತಂದು ಸೂಚನಾ ಫಲಕದಲ್ಲಿ ಹಾಕಿತು. ಅದು ಈಗಲೂ ಅಲ್ಲಿದೆ:

“ಸಂಶೋಧನೆ ಮಾಡಿದವರೇ ಲೇಖಕರಾಗತಕ್ಕದ್ದು. ಬೇರೆ ಯಾರೂ ಸಿಗದಿದ್ದಲ್ಲಿ ಮಾತ್ರ.”