ದೃಷ್ಟಿಬೊಟ್ಟಿಟ್ಟ ಶಿಫಾರಸು

ಅರ್ಧ ಹೀರೇಕಾಯಿ ಹೆರೆದಿದ್ದ ಸಿದ್ಧಲಿಂಗೇಶ, ಅಷ್ಟರಲ್ಲಿ ಫೋನು ಸದ್ದು ಮಾಡಿತು. ಲಾಸ್ ಏಂಜಲೀಸಿನ ಕಾಲೇಜಿನಿಂದ ಮೂರನೆಯ ಸಲ ಬಂದ ಇಮೇಲು: ನಿಕಿತಾಳ ಬಗ್ಗೆ ನಿಮ್ಮ ಶಿಫಾರಸು ಪತ್ರ ಇನ್ನೂ ಬಂದಿಲ್ಲ, ಇವತ್ತು ಸಂಜೆ ಐದಕ್ಕೆ ಕೊನೆ.

ಕ್ಯಾಲಿಫೋರ್ನಿಯಾದ ಪೊವೇ ಊರಿನ ಅವನ ಮನೆಯಲ್ಲಿ ನಡೆಯುವ ಶನಿವಾರದ ಭಜನೆಗೆ ಏಳು ವರ್ಷದಿಂದ ಹಾರ್ಮೋನಿಯಂ ನುಡಿಸುವವಳು ಈ ನಿಕಿತಾ. ಮೊದಲ ಸರಿಗಮ ಹೇಳಿಕೊಟ್ಟವನೂ ಅವನೇ. ಆಮೇಲೆ ಆರ್ಗನ್ನನ್ನೂ ಕಲಿತ ಅವಳು ಈಗ ಆ ಕಾಲೇಜಿನ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ, ಗೋಡೆಯೆತ್ತರದ ಕೊಳವೆಗಳಿರುವ ಆರ್ಗನ್ ನುಡಿಸುವ ವಿದ್ಯಾರ್ಥಿಗೆ ಕೊಡುವ ಸ್ಕಾಲರ್‌ಶಿಪ್ಪಿಗೆ ಅಪ್ಲೈ ಮಾಡಿದ್ದಳು. ಜನವರಿಯಲ್ಲೇ ಪತ್ರ ಕೇಳಿದ್ದಳು. "ನಾಳೆ ಬರೀತೀನಿ ಪುಟ್ಟಿ" ಎಂದಿದ್ದ. ಆ ನಾಳೆ ಮಾರ್ಚಿಗೆ ಬಂದು ನಿಂತಿತ್ತು. ಅವಳು ಹೋಗಿಬಿಟ್ಟರೆ ಶನಿವಾರ ಹಾರ್ಮೋನಿಯಂ ಮುಂದೆ ಯಾರು ಕೂರಬೇಕು? ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದ. "ನಾನು ಕಂಡ ಮಕ್ಕಳಲ್ಲೆಲ್ಲ ಇವಳೇ ಜಾಣೆ" ಎಂದು ಬರೆಯುವಷ್ಟರಲ್ಲಿ ಹೆಂಡತಿ ನೀಲಾ ಹೆಗಲ ಮೇಲಿಂದ ಇಣುಕಿದಳು.

"ಅಯ್ಯೋ, ಹಿಂಗೆಲ್ಲ ಹೊಗಳಿದ್ರೆ ಮಗೂಗೆ ದೃಷ್ಟಿ ಆಗಲ್ವೇನ್ರೀ? ಒಂದು ಬೊಟ್ಟಿಡಿ. ಏನಾದ್ರೂ ಸಣ್ಣ ತಪ್ಪು ಬರೀರಿ."

"ಕೆಲವೊಮ್ಮೆ ತಡವಾಗಿ ಬರುತ್ತಾಳೆ" ಎಂದು ಸೇರಿಸಿದ.

ಹಸಿಮೆಣಸಿನಕಾಯಿ ಕೇಳಲು ಬಂದ ಪಕ್ಕದ ಮನೆಯ ರುದ್ರಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಒಂದ ಬೊಟ್ಟು ಎಲ್ಲಿ ಸಾಲತೈತ್ರಿ? ಸಿಟ್ಟಿನಾಕಿ ಅಂತನೂ ಹಾಕ್ರಿ. ಮತ್ತ ಇದೇನಿದು, 'ಕಾಲಿನಿಂದಲೂ ಸೊಗಸಾಗಿ ನುಡಿಸುತ್ತಾಳೆ' ಅಂತ? ವಾದ್ಯಕ್ಕ ಕಾಲು ಹಚ್ಚೂದು ಚಲೋ ಮನಿತನದ ಲಕ್ಷಣ ಏನ್ರಿ? ತಗೀರಿ ಅದನ್ನ!"

"ಆರ್ಗನ್ನಿಗೆ ಕೆಳಗೆ ಪೆಡಲ್ ಇರುತ್ತೆ ರುದ್ರಪ್ಪನವರೇ. ಕಾಲಿಲ್ಲದೆ ಆಗೋದೇ ಇಲ್ಲ."

"ಇದ್ದರ ಇರಲಿ. ಹೇಳೂದ್ಯಾಕ?"

ಊಟದ ಹೊತ್ತಿಗೆ ಶುರುವಾದ ಪತ್ರ ನಾಲ್ಕೂವರೆಗೆ, ಮುಖವೇ ಕಾಣದಷ್ಟು ಕಾಡಿಗೆ ಮೆತ್ತಿದ ಕೂಸಿನಂತಾಗಿತ್ತು. ತಡ, ಸಿಟ್ಟು, ಮರೆವು, ಹಿರಿಯರ ಮಾತು ಕೇಳದಿರುವುದು. ಓದಿದರೆ ಕಾಲೇಜಿನವರು ಆರ್ಗನ್ನಿಗೆ ಬೀಗ ಹಾಕಿಕೊಳ್ಳಬೇಕು! ಅವಳು ಇಲ್ಲೇ ಉಳಿಯುತ್ತಾಳೆ ಅನ್ನಿಸಿ ಅವನಿಗೆ ಒಂದು ಗಳಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ನಾಚಿಕೆಯೂ ಆಯಿತು. ರುದ್ರಪ್ಪ ಬೇಡವೆಂದರೂ ಎಲ್ಲ ಅಳಿಸಿ, ಇದ್ದದ್ದನ್ನು ಇದ್ದ ಹಾಗೆ, ಕಾಲನ್ನೂ ಸೇರಿಸಿ ಬರೆದ.

ಐದಕ್ಕೆ ಹತ್ತು ನಿಮಿಷವಿತ್ತು. ಇನ್ನೇನು ಕಳಿಸಬೇಕು, ಬಾಗಿಲು ಬಡಿದ ಸದ್ದಾಯಿತು. ನಿಕಿತಾ, ಕೈಯಲ್ಲಿ ಭಜನೆಯ ಪುಸ್ತಕ.

"ಇದು ನಿಮ್ದು ಅಂಕಲ್, ರಿಟರ್ನ್ ಮಾಡೋಕೆ ಬಂದೆ. ಲಂಚ್ ಟೈಮಲ್ಲಿ ಅಪ್ಲಿಕೇಶನ್ ವಿತ್‌ಡ್ರಾ ಮಾಡ್ದೆ."

"ಯಾಕಮ್ಮಾ?"

"ನೀವು ಬರೀಲಿಲ್ಲ. ಐ ಆ್ಯಮ್ ನಾಟ್ ದಟ್ ಗುಡ್ ಅಂತ ಹೇಳೋಕೆ ನಿಮಗೆ ಸಂಕೋಚ. ಇಟ್ಸ್ ಓಕೆ."

ಅವನ ಬಾಯಿಂದ ಆ ಹೊತ್ತಿಗೂ ಜಾರಿದ್ದು ಒಂದೇ ಮಾತು: "ಹಾಗಾದ್ರೆ ಶನಿವಾರ..."

"ಶನಿವಾರಾನೂ ಬರಲ್ಲ ಅಂಕಲ್. ಮ್ಯೂಸಿಕ್ ಸಾಕು."

ಅವಳ ಕಾರು ತಿರುವು ದಾಟಿತು. ಆಮೇಲೆ ರುದ್ರಪ್ಪ ಮೆಣಸಿನಕಾಯಿ ಎತ್ತಿಕೊಂಡು ಎದ್ದರು.

"ನೋಡಿದ್ರ್ಯಾ? ಬೊಟ್ಟು ಅಳಸಬ್ಯಾಡ್ರಿ ಅಂದ್ರ ಕೇಳಲಿಲ್ಲ."

ಸಿದ್ಧಲಿಂಗೇಶ ಲ್ಯಾಪ್‌ಟಾಪಿನ ಮುಂದೆ ಕೂತ. ಪತ್ರದ ಮೇಲಿದ್ದ ಕಾಲೇಜಿನ ಹೆಸರು ಅಳಿಸಿ ನಿಕಿತಾಳ ಹೆಸರು ಹಾಕಿದ. ಕೆಳಗೆ ಒಂದು ಸಾಲು ಸೇರಿಸಿದ: ನೀನು ಹೋಗಿಬಿಡ್ತೀಯಲ್ಲ ಅಂತಲೇ ಇಷ್ಟು ದಿನ ಬರೆಯಲಿಲ್ಲ ಪುಟ್ಟಿ.

ಐದೂ ಇಪ್ಪತ್ತಕ್ಕೆ ಕಳಿಸಿದ.