ಟವೆಲ್ ಕೆಳಗಿನ ಮೂರನೆಯ ಕೈ

ದನದ ಬಜಾರಿಗೆ ಒಂಟಿಯಾಗಿ ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳದವರಿಗೆ ಎರಡು ಸಲ ಹೇಳುತ್ತೇನೆ. ಚೌಕಾಸಿಯಲ್ಲಿ ಬಾಯಿಗಿಂತ ಬಗಲಲ್ಲಿ ನಿಂತ ಗೆಳೆಯ ಮುಖ್ಯ. ನನ್ನ ಗೆಳೆಯ ಬೀದರಿನ ಉಸ್ಮಾನ್ ಹೋದ ವರ್ಷ ತೀರಿಕೊಂಡ. ನಮ್ಮ ಕಡೆ ಎತ್ತಿನ ದರ ಮಾತಾಡುವುದು ಟವೆಲ್ ಕೆಳಗೆ, ಬೆರಳು ಹಿಡಿದು; ಹಿಡಿದ ಬೆರಳಿನ ಲೆಕ್ಕವೇ ದರ. ನಾನು ಆಸೆಗೆ ಬಿದ್ದೆನೆಂದರೆ ಉಸ್ಮಾನ್ ಬಗಲಿನಿಂದ ಕೈ ತೂರಿಸಿ ಮಣಿಕಟ್ಟು ಚಿವುಟುತ್ತಿದ್ದ. ಬಿಡು ಎಂದರ್ಥ. ಬರಿಗೈಯಲ್ಲಿ ಬದುಕು ಶುರು ಮಾಡಿದ ನಾನು ಮನೆ ಕಟ್ಟಿದ್ದು ಆ ಉಗುರಿನ ಗುರುತುಗಳಿಂದಲೇ.

ಹೋದ ತಿಂಗಳು ಭಾಲ್ಕಿ ಬಜಾರಿಗೆ ಹೊರಟಾಗ, ಇಂಗ್ಲಿಷ್ ಕಲಿಸುವ ಮಗಳು ಒಂದು ಪದ ಹೇಳಿದಳು: ಪ್ಯಾಲ್. ದೋಸ್ತ ಎಂದರ್ಥವಂತೆ. ಇಂಗ್ಲೆಂಡಿನವರು ಅದನ್ನು ರೋಮಾನಿ ಅಲೆಮಾರಿಗಳಿಂದ ಕಲಿತರಂತೆ. ಆ ಅಲೆಮಾರಿಗಳ ಮಾತಿನಲ್ಲಿ ಅದು ಅಣ್ಣತಮ್ಮ. ಅವರ ಹಿರೀಕರು ಶತಮಾನಗಳ ಹಿಂದೆ ನಮ್ಮ ದೇಶದಿಂದಲೇ ಹೋದವರು. ಪದದ ಬೇರು ಸಂಸ್ಕೃತದ ಭ್ರಾತೃ. ಹಾಗಾದರೆ ಉಸ್ಮಾನ್ ನನ್ನನ್ನು ಕರೆಯುತ್ತಿದ್ದ ಭಾಯಿಯೂ ಅದೇ ಬಳಗ. ಅಷ್ಟು ದೂರ ಹೋದದ್ದೂ ತಿರುಗಿ ಬರುತ್ತದೇನು ಎಂದು ನಕ್ಕೆ.

“ಬರ್ತದ ಅಪ್ಪಾ, ಗುರ್ತ ಹಿಡೀಬೇಕು ಅಷ್ಟ,” ಎಂದಳು.

ಸಂತಪುರದ ಹೊಲದಲ್ಲಿರುವ ನನ್ನ ಒಂಟಿ ಎತ್ತಿಗೆ ಬಿತ್ತನೆಯೊಳಗೆ ಜೋಡಿ ಬೇಕಿತ್ತು, ಇಲ್ಲವಾದರೆ ಹೊಲ ಬೀಳು. ಬಜಾರು ಕರಗುವ ಸಂಜೆ, ಎಕಂಬಾದವರೊಬ್ಬರ ಬಿಳಿ ಎತ್ತು ಕಣ್ಣಿಗೆ ಬಿತ್ತು. ಹಲ್ಲು ನೋಡಿದೆ, ನಡೆಸಿ ನೋಡಿದೆ. ಟವೆಲ್ ಕೆಳಗೆ ದರ ಇನ್ನೇನು ಕೂಡುವುದರಲ್ಲಿತ್ತು. ಕೊನೆಯ ಬೆರಳು ಹಿಡಿಯುವಾಗ ಮಣಿಕಟ್ಟಿನ ಮೇಲೆ ಚಿವುಟು ಬಿತ್ತು. ಬಗಲಲ್ಲಿ ಯಾರೂ ಇರಲಿಲ್ಲ. ಮಾಲೀಕರ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಹಗ್ಗದ ಮೇಲೆ. ಎತ್ತು ಮಾತ್ರ ನನ್ನ ಎಡಬಗಲನ್ನೇ ನೋಡುತ್ತ ಹಿಂದೆ ಸರಿಯುತ್ತಿತ್ತು.

ನಾನು ಕೈ ಬಿಟ್ಟೆ. ಮಾಲೀಕರು ಬೈಯಲಿಲ್ಲ. ಟವೆಲ್ ಎತ್ತಿ, ಕೆಳಗೆ ನೋಡಿ, ಮೆಲ್ಲಗೆ ಕೇಳಿದರು: “ನಿಮ್ಮ ಜೋಡಿ ಬಂದವ್ರು ಎಲ್ಲಿ ಹೋದ್ರು?”

“ನಾ ಒಬ್ಬನೇ ಬಂದೀನ್ರಿ.”

“ಮತ್ತ ನನ್ನ ಬೆರಳು ಬಿಡಿಸಿದವ್ರು ಯಾರ್ರಿ?”

ನಾನು ಬಸ್ಸಿಗೆ ಓಡಿದೆ. ಆ ಎತ್ತಿನಲ್ಲಿ ಏನೋ ಐಬು ಇದ್ದಿರಬೇಕು, ಗೆಳೆಯ ಉಳಿಸಿದ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ಅದನ್ನು ಔರಾದ ಕಡೆಯವರು ಕೊಂಡರು. ಮೊನ್ನೆ ವಿಚಾರಿಸಿದರೆ ಬಂಗಾರದಂಥ ಎತ್ತು, ಸುತ್ತಲ ಹೊಲವೆಲ್ಲ ಅದೇ ಹೂಡುತ್ತಿದೆಯಂತೆ. ಆಗ ನೆನಪಾಯಿತು: ಉಸ್ಮಾನನಿಗೆ ಮೊದಲಿಂದಲೂ ಬಿಳಿ ಎತ್ತು ಸೇರುತ್ತಿರಲಿಲ್ಲ.

ಬಿತ್ತನೆ ಹತ್ತಿರ ಬಂದಿದೆ, ನನ್ನ ಎತ್ತು ಇನ್ನೂ ಒಂಟಿ. ಬಜಾರಿಗೆ ಒಂಟಿಯಾಗಿ ಹೋಗಬೇಡಿ ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ನಾನು ಮಾತ್ರ ಈ ವಾರ ಹೇಗಾದರೂ ಮಾಡಿ ಒಂಟಿಯಾಗಿ ಹೋಗುವ ದಾರಿ ಹುಡುಕುತ್ತಿದ್ದೇನೆ.