ಮಹಾದಾನಿಯ ಕಲ್ಲು ಮತ್ತು ಹದಿನಾರು ಪುಟದ ಅರ್ಜಿ

ನಾನಿರುವಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯದಿದ್ದರೆ ನಾನೇ ನಡೆಸುತ್ತೇನೆ. ಊರಲ್ಲೂ ಹಾಗೆ, ಕುವೈತಿಗೆ ಬಂದ ಮೇಲೂ ಹಾಗೆ. ಇಲ್ಲಿನ ರಾಯ್ ಎಂಬ ಪೇಟೆಯಲ್ಲಿ ಒಬ್ಬ ಚೀನಾ ಸಾಹುಕಾರರ ಲೈಟಿನ ಶೋರೂಮು ಉಂಟು. ಅಲ್ಲಿ ನಾನು ಸೇಲ್ಸ್‌ಮನ್. ಮರುಭೂಮಿಯ ಮಟಮಟ ಮಧ್ಯಾಹ್ನದಲ್ಲೂ ಟಾರ್ಚ್ ಮಾರಬಲ್ಲವನು.

೧. ರೂಮಿನ ಸಂಶೋಧನೆ

ಬಾಸ್ ಒಂದು ದಿನ ಚಾರಿಟಿ ಫೌಂಡೇಶನ್ ಶುರು ಮಾಡಿದರು. ಯಾವ ದೇಶದ್ದಾದರೂ ಸರಿ, ಹಳ್ಳಿ ಶಾಲೆಗಳಿಗೆ ಪುಕ್ಕಟೆ ಲೈಟು. ಅಬ್ಬಾಸಿಯಾದ ನಮ್ಮ ಬ್ಯಾಚುಲರ್ ರೂಮಿನಲ್ಲಿ ಅದೇ ಚರ್ಚೆ.

"ದುಡ್ಡಿದ್ದವರು ಸುಮ್ಮನೆ ಕೊಡುವುದಿಲ್ಲ ಮಾರಾಯ. ಎಲೆಕ್ಷನಿಗೆ ನಿಲ್ಲಲಿಕ್ಕೇ ಇದು," ಅಂದ ಹೋಟೆಲ್ ಕೆಲಸದ ರೂಮ್‌ಮೇಟ್.

"ಚೀನಾದವರು ಕುವೈತಿನಲ್ಲಿ ಕೂತು ಯಾವ ಪಂಚಾಯತಿಗೆ ನಿಲ್ಲುವುದಾ?" ಅಂದೆ.

"ಹಾಗಾದರೆ ಮಗನಿಗೆ ಹೆಣ್ಣು ಸಿಕ್ಕಿಲ್ಲ. ಬರೆದಿಟ್ಟುಕೋ."

ಕಾರಣ ಏನಾದರೂ ಇರಲಿ, ನಾನು ಊರ ಶಾಲೆಯ ಹೆಡ್ಮಾಸ್ಟರರಿಗೆ ಫೋನು ಮಾಡಿಬಿಟ್ಟೆ. "ಸರ್, ಲೈಟು ಬಂತೆಂದೇ ತಿಳಿಯಿರಿ. ಬಾಸ್ ನನ್ನ ಕಿಸೆಯಲ್ಲಿದ್ದಾರೆ."

ಬಾಸಿಗೆ ಇನ್ನೂ ವಿಷಯವೇ ಗೊತ್ತಿರಲಿಲ್ಲ. ಮರುದಿನ ಹೆಡ್ಮಾಸ್ಟರರ ವಾಯ್ಸ್ ಮೆಸೇಜು: "ಕಲ್ಲಿಗೆ ಹೇಳಿಯಾಯಿತು ಮಗಾ. ನಿನ್ನ ಹೆಸರು ಕೆತ್ತುತ್ತಿದ್ದಾರೆ."

ನಮ್ಮೂರಲ್ಲಿ ದಾನಕ್ಕಿಂತ ಮೊದಲು ದಾನಿಯ ಕಲ್ಲು ಬರುತ್ತದೆ.

೨. ಬೆಳಕಿಲ್ಲದ ಟ್ಯೂಬ್‌ಲೈಟು

ಇನ್ನು ಲೈಟು ಹೋಗದಿದ್ದರೆ ನಾನು ಊರಿಗೆ ಕಾಲಿಡುವ ಹಾಗಿಲ್ಲ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಬಾಸಿಗೆ ಶಾಲೆಯ ಕಥೆ ಹೇಳಿ, ಹಳೇ ಟ್ಯೂಬ್‌ಲೈಟಿನ ಫೋಟೋ ತೋರಿಸಿದೆ. ಅದರ ಮೈತುಂಬ ದಾನಿಯ ಹೆಸರು, ಅವರಪ್ಪನ ಹೆಸರು, ಮನೆ ಹೆಸರು.

"ಇದು ಲೈಟೋ, ಕಾಗದವೋ?" ಅಂದರು ಬಾಸ್.

"ದಾನಿಯ ಹೆಸರು ಬರೆಯುವುದು ನಮ್ಮ ಪದ್ಧತಿ ಬಾಸ್. ಫ್ಯಾನಿನ ರೆಕ್ಕೆಯಲ್ಲೂ ಉಂಟು. ತಿರುಗುವಾಗ ಓದಲಿಕ್ಕಾಗುವುದಿಲ್ಲ, ಅದಕ್ಕೆ ದಾನಿಗಳು ಬಂದಾಗ ಫ್ಯಾನು ಆಫ್ ಮಾಡುತ್ತೇವೆ."

ಜೀವಮಾನವಿಡೀ ಲೈಟು ಮಾರಿದ ಮನುಷ್ಯ, ಅಳುವುದೊಂದು ಬಾಕಿ. "ನಾನು ಕೊಡುವ ಲೈಟಿನ ಮೇಲಾಗಲಿ, ಗೋಡೆಯ ಮೇಲಾಗಲಿ ಯಾರ ಹೆಸರೂ ಇರಬಾರದು. ಕಂಡರೆ ಲೈಟು ವಾಪಸು. ಖಲಾಸ್!"

ಅಲ್ಲಿ ಊರಲ್ಲಿ ನನ್ನ ಹೆಸರಿಗೆ ಚಿನ್ನದ ಬಣ್ಣ ಬಳಿಯುತ್ತಿದ್ದರು.

೩. ಹದಿನಾರು ಪುಟ

ಬಾಸ್ ಒಂದು ಅರ್ಜಿ ಕೊಟ್ಟರು. ಹದಿನಾರು ಪುಟ! ಧೈರ್ಯ ಮಾಡಿ ಕೇಳಿದೆ, "ಬಾಸ್, ಫೌಂಡೇಶನ್ ಯಾಕೆ? ಕೈಯಲ್ಲೇ ಕೊಟ್ಟರಾಗದಾ?"

"ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕರೆಂಟಿರಲಿಲ್ಲ. ಒಬ್ಬ ಅಂಗಡಿಯವ ತನ್ನ ದೀಪದ ಕೆಳಗೆ ಓದಲು ಬಿಟ್ಟ. ಅವನ ಹೆಸರೂ ನನಗೆ ಗೊತ್ತಿಲ್ಲ."

ನಾನು ಕರ್ಚೀಫಿಗೆ ಕಿಸೆ ತಡವಿದೆ.

"ಇನ್ನೊಂದು ಕಾರಣ," ಅಂದರು ಬಾಸ್, "ಊರಿಗೆ ಹೋದರೆ ಚಿಕ್ಕಪ್ಪನ ಮಗ, ಅತ್ತೆಯ ಅಳಿಯ, ಎಲ್ಲರೂ ಕೈಚಾಚುತ್ತಾರೆ. ಇಲ್ಲ ಅಂದರೆ ಮರ್ಯಾದೆ ಪ್ರಶ್ನೆ. ಈಗ 'ಫೌಂಡೇಶನ್ನಿಗೆ ಅರ್ಜಿ ಹಾಕು' ಅನ್ನುತ್ತೇನೆ. ಮೂರನೇ ಪುಟಕ್ಕೆ ಸಂಬಂಧವೇ ಮುಗಿಯುತ್ತದೆ."

೪. ಸ್ವಾಗತ

ಹೆಡ್ಮಾಸ್ಟರರೂ ನಾನೂ ಸೇರಿ ಹದಿನಾರೂ ಪುಟ ತುಂಬಿಸಿದೆವು. ಕಲ್ಲು ಬೇಡ ಅನ್ನಲಿಕ್ಕೆ ಮಾತ್ರ ನನಗೆ ಬಾಯಿ ಬರಲಿಲ್ಲ. ಲೈಟು ಶಾಲೆ ಸೇರಿತು. ಹೆಡ್ಮಾಸ್ಟರರು ಫೋಟೋ ಕಳಿಸಿದರು: ಬಾಗಿಲ ಪಕ್ಕದಲ್ಲೇ ಕಲ್ಲು. 'ಮಹಾದಾನಿ' ಅಂತ ಬರೆದು ಕೆಳಗೆ ನನ್ನ ಹೆಸರು, ಕುವೈತ್. ತಿರುಗಿ ನೋಡಿದರೆ ಹೆಗಲ ಹಿಂದೆ ಬಾಸ್!

"ಏನು ಬರೆದಿದೆ?"

ಎಸಿಯಲ್ಲೂ ಬೆವರು ಕಿತ್ತುಕೊಂಡಿತು. ಆದರೆ ನಾನು ಯಾರು? "'ಎಲ್ಲರಿಗೂ ಸ್ವಾಗತ' ಅಂತ ಬಾಸ್."

"ಚೆಂದದ ಅಕ್ಷರ. ನನಗೆ ಕಳಿಸು," ಅಂದರು. ಕಳಿಸಿದೆ. ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಶೋರೂಮಿಗೆ ಬರುತ್ತೇನೆ, ಬಾಗಿಲ ಮೇಲೆ ಆಳೆತ್ತರದ ಕೆಂಪು ಎಲ್‌ಇಡಿಯಲ್ಲಿ ಅದೇ ಅಕ್ಷರ, ಮಹಾದಾನಿ, ನನ್ನ ಹೆಸರು, ಮಿಣಮಿಣ! "ನಿಮ್ಮ ಜನರಿಗೆ ಸ್ವಾಗತ," ಅಂದು ಬಾಸ್ ಬೆನ್ನು ತಟ್ಟಿದರು. ತೆಗೆಸಿ ಅನ್ನುವ ಹಾಗಿಲ್ಲ. ನಿಜ ಹೇಳಿದರೆ ಊರಿನ ಲೈಟು ವಾಪಸು.

ಆ ಶುಕ್ರವಾರವೇ ಬೋರ್ಡು ಓದಿದ ಕನ್ನಡದವರ ಚಂದಾ ರಶೀದಿ ಪುಸ್ತಕಗಳು ಬಂದವು. ಯಕ್ಷಗಾನದವರು, ಕ್ರಿಕೆಟ್ ಜೆರ್ಸಿಯವರು, ಪಿಕ್ನಿಕ್ಕಿನವರು. "ಮಹಾದಾನಿಗಳು ಇದ್ದಾರಾ?" ಅಂತ ನನ್ನನ್ನೇ ಕೇಳುತ್ತಾರೆ. ರೂಮ್‌ಮೇಟ್ ಬೇರೆ, "ಅಣ್ಣಾ, ಬಾಡಿಗೆ ಇನ್ನು ನಿಮ್ಮದೇ ಅಲ್ವಾ?" ಅನ್ನಲಿಕ್ಕೆ ಹಿಡಿದ.

ಇಲ್ಲ ಅಂದರೆ ಮರ್ಯಾದೆ ಪ್ರಶ್ನೆ. ಬಾಸಿನ ಮೇಜಿನಿಂದ ಅರ್ಜಿಯ ಕಟ್ಟು ಎತ್ತಿಕೊಂಡು ಬಂದು ಹಂಚಿದೆ. "ಯಲ್ಲಾ, ನಡೀರಿ, ಅರ್ಜಿ ಹಾಕಿ. ಹದಿನಾರು ಪುಟ."

ಒಬ್ಬರೂ ಮರಳಿ ಬರಲಿಲ್ಲ. ಸಾಹುಕಾರರು ಫೌಂಡೇಶನ್ ಯಾಕೆ ಮಾಡುತ್ತಾರೆಂದು ಇನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹದಿನಾರೂ ಪುಟ ತುಂಬಿಸಿ ನನ್ನ ಹೆಸರಿಗೆ ಕಳಿಸಿದವರು ಒಬ್ಬರೇ, ನಮ್ಮ ಹೆಡ್ಮಾಸ್ಟರರು. ಅಭ್ಯಾಸ ಆಗಿತ್ತಲ್ಲ! ಶಾಲೆಗೆ ಕಂಪೌಂಡು ಗೋಡೆ ಬೇಕಂತೆ.

ಕಲ್ಲು ಕೆತ್ತಿಸಿ ಆಗಿದೆಯಂತೆ.